ಮಣೆಯ ಮೇಲುಳಿದ ಏಳು ಕಾಯಿ

ಮಣೆಯ ಮೇಲೆ ಏಳೇ ಕಾಯಿ ಉಳಿದಿವೆ.

ಬಿಳಿಯ ರಾಜ ಕೆಳಸಾಲಿನ ಮೂಲೆಗೆ ಒಂದು ಮನೆ ಈಚೆ ಸೇರಿಕೊಂಡಿದ್ದಾನೆ. ಅವನಿಗೆ ಉಳಿದಿರುವ ಒಬ್ಬನೇ ಕಾಲಾಳು ಆರನೆಯ ಸಾಲಿನವರೆಗೂ ಏರಿ ಹೋಗಿದ್ದಾನೆ. ಇನ್ನೆರಡು ಹೆಜ್ಜೆ ಇಟ್ಟರೆ ಮಂತ್ರಿಯಾಗುತ್ತಾನೆ, ಆದರೆ ಕರಿಯ ರಾಜನೇ ಅವನ ಎದುರಿಗೆ ಎದೆಯೊಡ್ಡಿ ನಿಂತಿದ್ದಾನೆ. ಇತ್ತ ಕೆಳಗೆ, ಎಡತುದಿಗೆ ಒಬ್ಬ ಬಲತುದಿಗೆ ಒಬ್ಬ, ಕರಿಯ ಕಾಲಾಳುಗಳಿಬ್ಬರು ಇಳಿದು ಬಂದಿದ್ದಾರೆ. ಅವರಿಗೂ ಇನ್ನೆರಡೇ ಹೆಜ್ಜೆ. ಅವರಿಬ್ಬರ ನಡುವೆ ಅದೇ ಸಾಲಿನಲ್ಲಿ ಕರಿಯ ಆನೆ, ಜಾತ್ರೆಯಲ್ಲಿ ಎರಡೂ ಕೈಯಲ್ಲಿ ಒಂದೊಂದು ಮಗುವನ್ನು ಹಿಡಿದು ನಿಂತ ತಾಯಿಯ ಹಾಗೆ ನಿಂತಿದೆ. ಬಿಳಿಯ ಆನೆ ಎಡ ಅಂಚಿನಲ್ಲಿದೆ. ಅದರ ಒಂದು ಕಣ್ಣು ತನ್ನ ಕಾಲಾಳಿನ ಮೇಲೆ, ಇನ್ನೊಂದು ಕಣ್ಣು ಕೆಳಗಿನ ಕರಿಯ ಕಾಲಾಳಿನ ಬೆನ್ನ ಮೇಲೆ.

ಕರಿಯ ಆನೆ ಸಾಲು ಬಿಟ್ಟು ಕದಲಿದರೆ ಮಕ್ಕಳು ಕೈತಪ್ಪುತ್ತಾರೆ. ಎಡಗಡೆಯ ಕಾಲಾಳು ಒಂದು ಹೆಜ್ಜೆ ಇಟ್ಟರೆ ಬಿಳಿಯ ಆನೆ ಬೆನ್ನ ಹಿಂದಿನಿಂದ ಬಂದು ಹೊಡೆಯುತ್ತದೆ. ಅವನಿಗೆ ಬೆಂಬಲವಾಗಿ ಕರಿಯ ರಾಜ ಹೊರಟನೋ, ಬಿಳಿಯ ಕಾಲಾಳಿಗೆ ದಾರಿ ತೆರೆಯುತ್ತದೆ. ಎಲ್ಲರೂ ಎಲ್ಲರನ್ನೂ ಹಿಡಿದುಕೊಂಡಿದ್ದಾರೆ. ಇಲ್ಲಿಗೆ ಇಬ್ಬರು ಆಟಗಾರರು ಕೈ ಕುಲುಕಿದರು. ಒಟ್ಟು 68 ನಡೆ. ಇಬ್ಬರಿಗೂ ಅರ್ಧರ್ಧ ಅಂಕ.

ನನಗೆ ಚದುರಂಗ ಕಲಿಸಿದ್ದು ಸೋದರಮಾವ. ಯಾರಾದರೂ ಗೆದ್ದರೆ ಕಾಯಿಗಳನ್ನು ಡಬ್ಬಿಗೆ ಸುರಿಯಲು ಬಿಡುತ್ತಿದ್ದರು. ಆಟ ಡ್ರಾ ಆದರೆ ಮಾತ್ರ ಮಣೆಯನ್ನು ಮುಟ್ಟಗೊಡುತ್ತಿರಲಿಲ್ಲ. "ಸರಿಸಮ ಆಗಿದೆ ಕಣೋ, ಹಾಗೇ ಇರಲಿ. ಬೆಳಿಗ್ಗೆ ನೋಡೋಣ" ಎಂದು ದೀಪ ಆರಿಸುತ್ತಿದ್ದರು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಜಗಲಿಗೆ ಬಂದು, ನಿಂತಲ್ಲೇ ಬಗ್ಗಿ ನೋಡುವರು. ಏನು ನೋಡುತ್ತಾರೆ ಎಂದು ಆಗ ತಿಳಿಯುತ್ತಿರಲಿಲ್ಲ. ಅದು ತಿಳಿದದ್ದು ಈ ಏಳು ಕಾಯಿಗಳ ಮುಂದೆ ಕೂತಾಗ. ವರ್ಷಕ್ಕೊಮ್ಮೆಯಾದರೂ ಈ ಆಟವನ್ನು ಮೊದಲಿನಿಂದ ಆಡಿ ನೋಡುತ್ತೇನೆ. ಇಂದು ರಾತ್ರಿಯೂ ಹಾಗೇ ಕೂತಿದ್ದೇನೆ. ಕಾಯಿಗಳನ್ನೆಲ್ಲ ಮತ್ತೆ ಮನೆಗೆ ಸೇರಿಸಿ, ಬಿಳಿಯ ಕಡೆ ಮಿಖಾಯಿಲ್ ಬೋಟ್ವಿನಿಕ್ ಅವರನ್ನೂ ಕರಿಯ ಕಡೆ ಬಾಬಿ ಫಿಶರ್‌ನನ್ನೂ ಮನಸ್ಸಿನಲ್ಲೇ ಕೂರಿಸಿಕೊಳ್ಳುತ್ತೇನೆ.

*

1962ರ ಶರತ್ಕಾಲ. ಬಲ್ಗೇರಿಯಾದಲ್ಲಿ, ಕಪ್ಪು ಸಮುದ್ರದ ದಡದ ಬಂದರು ವಾರ್ನಾ. ಅಲ್ಲಿ 15ನೇ ಚೆಸ್ ಒಲಿಂಪಿಯಾಡ್. ಸೋವಿಯತ್ ಒಕ್ಕೂಟಕ್ಕೂ ಅಮೆರಿಕಕ್ಕೂ ಪಂದ್ಯ. ಮೊದಲ ಮಣೆಯ ಒಂದು ಬದಿಗೆ 51ರ ಬೋಟ್ವಿನಿಕ್, ಇನ್ನೊಂದು ಬದಿಗೆ 19ರ ಫಿಶರ್.

ಬೋಟ್ವಿನಿಕ್ ಆಗ ವಿಶ್ವ ಚಾಂಪಿಯನ್. ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. 1948ರಲ್ಲಿ ಪಟ್ಟ ಏರಿದವರು ಎರಡು ಬಾರಿ ಅದನ್ನು ಕಳೆದುಕೊಂಡು ಎರಡು ಬಾರಿಯೂ ಮರುವರ್ಷವೇ ವಾಪಸ್ ಪಡೆದಿದ್ದರು, ಮೊದಲು ಸ್ಮಿಸ್ಲೋವ್ ಅವರಿಂದ, ಆಮೇಲೆ ಟಾಲ್ ಅವರಿಂದ. ಎದುರಾಳಿಯ ಆಟವನ್ನು ಮನೆಯಲ್ಲಿ ಕೂತು ತಿಂಗಳುಗಟ್ಟಲೆ ಓದುವುದು, ಹೊಸ ನಡೆಗಳನ್ನು ಹುಡುಕಿ ಬರೆದಿಡುವುದು, ಸಮಯ ಬಂದಾಗ ಅವನ್ನು ಬಿಚ್ಚುವುದು ಅವರ ಪದ್ಧತಿ. ಅವರ ಆಟದ ಅರ್ಧ ಭಾಗ ಮಣೆಗೆ ಬರುವ ಮುನ್ನವೇ ಮುಗಿದಿರುತ್ತಿತ್ತು.

ಫಿಶರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಹುಡುಗ. 15ನೇ ವಯಸ್ಸಿಗೇ ಗ್ರಾಂಡ್‌ಮಾಸ್ಟರ್ ಆದವನು. ಬೆನ್ನಿಗೆ ಸರ್ಕಾರವಿಲ್ಲ, ಗುರುಗಳ ಪಡೆಯಿಲ್ಲ. ಇದ್ದದ್ದು ಪುಸ್ತಕಗಳು, ಮಣೆ ಮತ್ತು ಆ ವರ್ಷವಷ್ಟೇ ಆದ ಒಂದು ಗಾಯ.

ಆ ಗಾಯ ಡ್ರಾದಿಂದಲೇ ಆದದ್ದು. ಅದೇ ವರ್ಷದ ಬೇಸಗೆಯಲ್ಲಿ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ ನಡೆದಿತ್ತು. ಗೆದ್ದವರಿಗೆ ಬೋಟ್ವಿನಿಕ್ ಜೊತೆ ಪಟ್ಟಕ್ಕಾಗಿ ಆಡುವ ಹಕ್ಕು. ಸೋವಿಯತ್ ತಂಡದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಮೂವರೂ ತಮ್ಮತಮ್ಮಲ್ಲಿ 12 ಆಟ ಆಡಿದರು. ಹನ್ನೆರಡೂ ಡ್ರಾ. ತಮ್ಮೊಳಗೆ ದಣಿಯದೆ ಉಳಿದುಕೊಂಡು, ದಣಿವನ್ನೆಲ್ಲ ಉಳಿದವರಿಗೆ ಬಿಟ್ಟರು ಎಂಬುದು ಫಿಶರ್‌ನ ಆರೋಪ. ಅವನು ಮುಗಿಸಿದ್ದು ನಾಲ್ಕನೆಯವನಾಗಿ. ಆಗಸ್ಟಿನಲ್ಲಿ ಅಮೆರಿಕದ ಕ್ರೀಡಾ ಪತ್ರಿಕೆಯೊಂದರಲ್ಲಿ, ರಷ್ಯನ್ನರು ವಿಶ್ವ ಚೆಸ್ಸನ್ನೇ ಒಳಒಪ್ಪಂದದಿಂದ ಹಿಡಿದಿಟ್ಟಿದ್ದಾರೆಂದು ತಲೆಬರಹದಲ್ಲೇ ಸಾರಿದ. ಆಮೇಲಿನ ವರ್ಷಗಳಲ್ಲಿ ಕ್ಯಾಂಡಿಡೇಟ್ಸ್ ಸ್ಪರ್ಧೆಯ ಸ್ವರೂಪವೇ ಬದಲಾಯಿತು. ಟೂರ್ನಿ ಹೋಗಿ, ಇಬ್ಬರಿಬ್ಬರು ಎದುರುಬದುರಾಗುವ ಪಂದ್ಯಗಳು ಬಂದವು.

ಆ ಬರಹ ಅಚ್ಚಾಗಿ ಕೆಲವೇ ವಾರಗಳಾಗಿದ್ದವು. ಆಗ ಈ ಹುಡುಗ ವಾರ್ನಾದ ಸಭಾಂಗಣಕ್ಕೆ ಬಂದು, ಆ ಇಡೀ ವ್ಯವಸ್ಥೆಯ ತಲೆಯಾಳಿನ ಎದುರು ಕುರ್ಚಿ ಎಳೆದುಕೊಂಡ. ಕ್ಯುರಸಾವ್‌ನ ಆ ಮೂವರೂ ಎದುರು ತಂಡದಲ್ಲೇ ಇದ್ದರು. ಅವರಲ್ಲಿ ಗೆಲ್ಲರ್ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

*

ಕಾಯಿ ನಡೆಸುತ್ತೇನೆ. ಗ್ರುನ್‌ಫೆಲ್ಡ್ ಡಿಫೆನ್ಸ್. ನಡುಮಣೆಯನ್ನು ಬಿಳಿಯರಿಗೆ ಬಿಟ್ಟುಕೊಟ್ಟು, ಆಮೇಲೆ ಸುತ್ತಲಿಂದ ಅದನ್ನು ಕೊರೆಯುವ ಕಟ್ಟು. ಅದರಲ್ಲೂ ಫಿಶರ್ ಹಿಡಿದದ್ದು ಸ್ಮಿಸ್ಲೋವ್ ಹೆಸರಿನ ದಾರಿ. ಬೋಟ್ವಿನಿಕ್‌ಗೆ ಅದು ಅಂಗೈಗೆರೆಯಷ್ಟು ಪರಿಚಿತ, ಯಾಕೆಂದರೆ ಸ್ಮಿಸ್ಲೋವ್ ಅವರನ್ನು ಎದುರಿಸಲು ಮನೆಯಲ್ಲಿ ಇದನ್ನೇ ಕೂತು ಶೋಧಿಸಿದ್ದರು. ಬಿಳಿಯ ಕಾಲಾಳುಗಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಮುನ್ನುಗ್ಗುತ್ತಾರೆ. ಕರಿಯ ಕುದುರೆಗಳು ಹಿಂದೆ ಸರಿಯುತ್ತವೆ. ಹದಿನೇಳನೆಯ ನಡೆಗೆ ಬಿಳಿಯ ಕಾಲಾಳು ನಡುಮಣೆಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು ಕರಿಯ ಮಂತ್ರಿಯನ್ನು ಹೊಡೆಯಲು ನಿಲ್ಲುತ್ತದೆ. ಮಂತ್ರಿ ಓಡಬೇಕು. ಎಲ್ಲಿಗೆ ಓಡಿದರೂ ಬಿಳಿಯರದೇ ಮೇಲುಗೈ ಎಂಬಲ್ಲಿಗೆ ಬೋಟ್ವಿನಿಕ್ ಅವರ ಮನೆಯ ಲೆಕ್ಕ ಮುಗಿದಿತ್ತು.

ಇಲ್ಲಿ ನನ್ನ ಕೈ ಪ್ರತಿಸಲ ತಡೆಯುತ್ತದೆ.

ಫಿಶರ್‌ನ ಮಂತ್ರಿ ಓಡಲಿಲ್ಲ. ಎದುರಿಗಿದ್ದ ಬಿಳಿಯ ಕಾಲಾಳನ್ನು ಹೊಡೆದು, ಬಿಳಿಯ ಒಂಟೆಯ ಬಾಯಿಗೇ ಹೋಗಿ ಕೂತಿತು. ಮೇಲುನೋಟಕ್ಕೆ ಪುಕ್ಕಟೆ ಬಿಟ್ಟುಕೊಟ್ಟ ಮಂತ್ರಿ. ಆದರೆ ಆ ಒಂಟೆ ಅಲ್ಲಿಯವರೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಶತ್ರುಗಳ ನಡುವೆ ಮುಂದೆ ಹೋಗಿ ಕೂತಿದ್ದ ಬಿಳಿಯ ಮಂತ್ರಿಗೆ ಕಾವಲಿದ್ದುದು ಅದೇ. ಒಂಟೆ ಕರಿಯ ಮಂತ್ರಿಯನ್ನು ಹೊಡೆಯಲು ಹೊರಟ ಕೂಡಲೇ ಕಾವಲು ತಪ್ಪಿತು. ಕರಿಯ ಕುದುರೆ ಬಿಳಿಯ ಮಂತ್ರಿಯನ್ನು ಹೊಡೆಯಿತು. ಮಂತ್ರಿಗೆ ಮಂತ್ರಿ ಹೋಯಿತು, ಒಬ್ಬ ಕಾಲಾಳು ಮಾತ್ರ ಬಿಳಿಯರ ಲೆಕ್ಕದಲ್ಲಿ ಕಡಿಮೆಯಾಗಿ ಉಳಿದ.

ಆ ನಡೆ ಮನೆಯ ಶೋಧದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲವೆಂದು ಬೋಟ್ವಿನಿಕ್ ತಾವೇ ಒಪ್ಪಿಕೊಂಡಿದ್ದಾರೆ. ಶಾಂತವಾದ ಕೋಣೆಯಲ್ಲಿ, ಗಡಿಯಾರದ ಕಾಟವಿಲ್ಲದೆ, ವಿಶ್ವ ಚಾಂಪಿಯನ್ ಒಬ್ಬರು ಕಾಣದೆ ಬಿಟ್ಟದ್ದನ್ನು ಗಡಿಯಾರ ಟಿಕ್‌ಟಿಕ್ ಎನ್ನುತ್ತಿದ್ದಾಗ 19ರ ಹುಡುಗ ಕಂಡ. ಕಾಯಿಯನ್ನು ಆ ಮನೆಯಲ್ಲಿ ಇಟ್ಟು ಕೈ ತೆಗೆಯುವಾಗ ಆ ಹೊತ್ತಿನ ಮೌನ ನನ್ನ ಕೋಣೆಗೂ ಬಂದಂತಾಗುತ್ತದೆ. ಆ ಕ್ಷಣದಿಂದ ಬೋಟ್ವಿನಿಕ್ ಅವರಿಗೆ ಬರೆದಿಟ್ಟ ಯಾವ ಪುಟದ ನೆರವೂ ಇಲ್ಲ. ಇನ್ನು ಅವರ ತಲೆ, ಅವರ ತಾಳ್ಮೆ.

ಅವರು ಕುಸಿಯಲಿಲ್ಲ. ಕಾಯಿಗಳು ಒಂದೊಂದಾಗಿ ಮಣೆಯಿಂದ ಇಳಿದವು. ಮೂವತ್ತರ ಸುಮಾರಿಗೆ ಬಿಳಿಯ ಬಳಿ ಒಂದು ಆನೆ, ಒಂದು ಒಂಟೆ, ಮೂವರು ಕಾಲಾಳು. ಕರಿಯ ಬಳಿ ಒಂದು ಆನೆ, ಒಂದು ಕುದುರೆ, ನಾಲ್ವರು ಕಾಲಾಳು. ಆ ಒಬ್ಬ ಹೆಚ್ಚಿನ ಕಾಲಾಳಿನ ಸುತ್ತಲೇ ಇನ್ನು ಇಡೀ ಕಥೆ. 41ನೇ ನಡೆಗೆ ಫಿಶರ್ ತನ್ನ ಕುದುರೆಯನ್ನು ಕೊಟ್ಟು ಒಂಟೆಯನ್ನು ತೆಗೆದ. ಉಳಿದದ್ದು ಆನೆಗೆ ಆನೆ. ಆನೆಗಳಷ್ಟೇ ಉಳಿದ ಆಟವೆಲ್ಲ ಡ್ರಾ ಎಂಬ ಹಳೆಯ ಮಾತೊಂದು ಚೆಸ್ ಲೋಕದಲ್ಲಿದೆ. ಅದು ಪೂರ್ತಿ ನಿಜವಲ್ಲ. ಆದರೂ ಆನೆ ಎಷ್ಟು ದೂರದಿಂದಲೂ ಕಾಯಬಲ್ಲ, ಕಾಡಬಲ್ಲ ಕಾಯಿ. ಒಬ್ಬ ಕಾಲಾಳು ಕಡಿಮೆಯಿದ್ದವನಿಗೆ ಜೀವ ಉಳಿಸುವುದು ಹೆಚ್ಚಾಗಿ ಅದೇ. ಇಲ್ಲಿ ಕುದುರೆಯನ್ನು ಉಳಿಸಿಕೊಂಡಿದ್ದರೆ? ನಾನು ಆ ಕುದುರೆಯನ್ನು ಬೆರಳಲ್ಲಿ ಹಿಡಿದು ಎಷ್ಟೋ ಸಲ ಹಿಂದೆ ಇಟ್ಟು ನೋಡಿದ್ದೇನೆ. ಆಟ ಬೇರೆಯೇ ಉಸಿರಾಡುತ್ತದೆ.

*

45 ನಡೆ ಆದಾಗ ಆ ದಿನದ ಹೊತ್ತು ಮುಗಿಯಿತು.

ಈಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಮುಗಿಯದ ಆಟವನ್ನು ಮರುದಿನಕ್ಕೆ ಎತ್ತಿಡುತ್ತಿದ್ದರು. ನಡೆಯ ಸರದಿ ಇದ್ದವನು ತನ್ನ ಮುಂದಿನ ನಡೆಯನ್ನು ಮಣೆಯ ಮೇಲೆ ಆಡದೆ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ತೀರ್ಪುಗಾರರ ಕೈಗೆ ಕೊಡಬೇಕು. ರಾತ್ರಿಯಿಡೀ ಇಬ್ಬರೂ ತಮ್ಮತಮ್ಮ ಕೋಣೆಯಲ್ಲಿ ಯೋಚಿಸಬಹುದು, ಗೆಳೆಯರ ನೆರವು ಪಡೆಯಬಹುದು. ಒಬ್ಬನಿಗೆ ಲಕೋಟೆಯೊಳಗೆ ಏನಿದೆ ಎಂದು ಗೊತ್ತು, ಇನ್ನೊಬ್ಬನಿಗೆ ಊಹೆ ಮಾತ್ರ. ಕಂಪ್ಯೂಟರ್ ಬಂದ ಮೇಲೆ ಈ ಪದ್ಧತಿ ಕಣ್ಮರೆಯಾಯಿತು. ಅದರ ಜೊತೆಗೆ ಆ ರಾತ್ರಿಗಳೂ ಹೋದವು.

ಫಿಶರ್ ತನ್ನ ಆನೆಯನ್ನು ಐದನೆಯ ಸಾಲಿಗೆ ತರುವ ನಡೆಯನ್ನು ಬರೆದು ಕೊಟ್ಟ. ಅವನ ಕಣ್ಣಿಗೆ ಗೆಲುವು ಕಾಣುತ್ತಿತ್ತು. ಸೋವಿಯತ್ ಪಾಳಯದಲ್ಲಿ ದೀಪ ಉರಿಯುತ್ತಿತ್ತು. ಜಗತ್ತಿನ ಅತ್ಯುತ್ತಮ ತಂಡ ಅದು. ಬೋಟ್ವಿನಿಕ್, ಪೆಟ್ರೋಸಿಯನ್, ಸ್ಪಾಸ್ಕಿ, ಕೆರೆಸ್, ಗೆಲ್ಲರ್, ಟಾಲ್. ಇಷ್ಟು ತಲೆಗಳಿದ್ದ ಕಡೆ ಒಂದೇ ಪ್ರಶ್ನೆ: ಬಿಳಿಯರಿಗೆ ಪಾರಾಗುವ ದಾರಿ ಇದೆಯೇ?

ಸಾಮಾನ್ಯ ಬುದ್ಧಿ ಹೇಳುವುದು ಇಷ್ಟು. ಈಗಾಗಲೇ ಒಬ್ಬ ಕಾಲಾಳು ಕಡಿಮೆ. ಉಳಿದ ಮೂವರನ್ನಾದರೂ ಕಾಪಾಡಿಕೊ. ಎಡಗಡೆ ಒಂಟಿಯಾಗಿರುವವನನ್ನು ಆನೆಯಿಂದ ಕಾಯ್ದುಕೊ. ಆದರೆ ಹಾಗೆ ಕಾಯುತ್ತ ಕೂತ ಆನೆಗೆ ಕೈಕಾಲು ಕಟ್ಟಿಹಾಕಿದಂತೆ. ಕರಿಯರು ನಿಧಾನವಾಗಿ ಬಂದು ಹಿಸುಕುತ್ತಾರೆ.

ದಾರಿ ಹೊಳೆದದ್ದು ಗೆಲ್ಲರ್‌ಗೆ. ಒಡೆಸ್ಸಾದವರು, ಇದೇ ಕಪ್ಪು ಸಮುದ್ರದ ಇನ್ನೊಂದು ದಡದವರು. ಅವರ ಯೋಚನೆ ನೇರ. ಎಡಗಡೆಯವನನ್ನು ಬಿಟ್ಟುಬಿಡಿ. ಆನೆಯನ್ನು ಏಳನೆಯ ಸಾಲಿಗೆ ಕಳಿಸಿ, ಬಲಗಡೆಯ ತುದಿಯ ಕರಿಯ ಕಾಲಾಳನ್ನು ಹೊಡೆಯಿರಿ. ಎಡಕ್ಕೆ ಕರಿಯರಿಗೆ ತಡೆಯೇ ಇಲ್ಲದ ಇಬ್ಬರು ಜೊತೆಗಾರರು ಸಿಗುತ್ತಾರೆ. ಅದನ್ನು ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಆದರೆ ಬಲಕ್ಕೆ ಕರಿಯರ ಬಳಿ ಉಳಿಯುವವನು ಒಬ್ಬನೇ. ಬಿಳಿಯ ಆನೆ ಬಿಡುಗಡೆಯಾಗುತ್ತದೆ, ಬಿಳಿಯ ರಾಜನಿಗೂ ಉಸಿರು ಬರುತ್ತದೆ. ಕಾಲಾಳಿನ ಲೆಕ್ಕ ಬಿಟ್ಟು ಆನೆಯ ಬಿಡುಗಡೆಯ ಲೆಕ್ಕ ಹಿಡಿ ಎಂಬುದು ಅದರ ತಿರುಳು. ಈ ಎಳೆಯನ್ನು ಹಿಡಿದು ಅವರು ಕೊಂಬೆಕೊಂಬೆಯಾಗಿ ಶೋಧಿಸಿದರು.

ನನ್ನನ್ನು ಕಾಡುವುದು ಇದೇ. ಕ್ಯುರಸಾವ್‌ನಲ್ಲಿ ಯಾರ ಡ್ರಾಗಳನ್ನು ಕಂಡು ಫಿಶರ್ ಸಿಡಿದೆದ್ದಿದ್ದನೋ ಅದೇ ಗೆಲ್ಲರ್ ಇಲ್ಲೂ ಒಂದು ಡ್ರಾ ಹುಡುಕಿದರು. ಆದರೆ ಎರಡಕ್ಕೂ ಒಂದೇ ಹೆಸರಿಟ್ಟರೆ ಅನ್ಯಾಯ. ದ್ವೀಪದ ಆ ಹನ್ನೆರಡು ಡ್ರಾಗಳನ್ನು ಇಂದು ಮಣೆಯ ಮೇಲೆ ಹರಡಿ ಕೂರುವವರು ಯಾರೂ ಇಲ್ಲ. ವಾರ್ನಾದ ಡ್ರಾ ನಿದ್ದೆಗೆಟ್ಟು ಗಳಿಸಿದ್ದು. ಬಾವಿಯ ತಳಕ್ಕೆ ಇಳಿದು ತಂದ ಒಂದು ಕೊಡ ನೀರಿನ ಹಾಗೆ.

*

ಮರುದಿನ ಲಕೋಟೆ ತೆರೆಯಿತು. ಊಹಿಸಿದ ನಡೆಯೇ. ಬಿಳಿಯ ಆನೆ ಏಳನೆಯ ಸಾಲಿಗೆ ಏರಿತು, ತುದಿಯ ಕಾಲಾಳನ್ನು ಹೊಡೆಯಿತು. ಫಿಶರ್ ಎಡಗಡೆಯವನನ್ನು ತೆಗೆದ. ಬಿಳಿಯ ಕಾಲಾಳು ಮುಂದೆ ಬಂದು ಕರಿಯ ರಾಜನಿಗೆ ಚೆಕ್ ಕೊಟ್ಟಿತು. ರಾಜ ಸರಿದ. ಆನೆ ಮತ್ತೆ ಚೆಕ್ ಕೊಟ್ಟಿತು. ರಾಜ ನಡುಮಣೆಗೆ ಬಂದ.

51ನೇ ನಡೆ. ಕರಿಯ ರಾಜ ಐದನೆಯ ಸಾಲಿನ ನಡುವೆ ನಿಂತಿದ್ದಾನೆ. ಎಡಗಡೆಯ ಜೋಡಿ ಕಾಲಾಳುಗಳು ಹೊರಡಲು ಕಾದಿವೆ. ಫಿಶರ್ ಅವರಲ್ಲೊಬ್ಬನನ್ನು ಒಂದು ಹೆಜ್ಜೆ ಮುಂದೆ ತಳ್ಳಿದ. ಯಾರೇ ಆಗಿದ್ದರೂ ತಳ್ಳುತ್ತಿದ್ದರು. ಓಡುವ ಕಾಲಾಳನ್ನು ಓಡಿಸುವುದು ಸಹಜ. ಆದರೆ ಆ ಒಂದು ಹೆಜ್ಜೆಯಿಂದ ಅವನೂ ಐದನೆಯ ಸಾಲಿಗೆ ಬಂದ, ತನ್ನ ರಾಜ ನಿಂತ ಸಾಲಿಗೇ.

ಬೋಟ್ವಿನಿಕ್ ತಮ್ಮ ತುದಿಯ ಕಾಲಾಳನ್ನು ಮುಂದಿಟ್ಟು ಬಲಿ ಕೊಟ್ಟರು. ಕರಿಯ ಕಾಲಾಳು ಅದನ್ನು ಹೊಡೆಯಲು ತನ್ನ ಓಣಿ ಬಿಟ್ಟು ಪಕ್ಕಕ್ಕೆ ಹೋಯಿತು. ಓಣಿ ತೆರವಾಯಿತು. ಬಿಳಿಯ ಆನೆ ಆ ಓಣಿಯಲ್ಲಿ ಜಾರಿ ಐದನೆಯ ಸಾಲಿಗೆ ಇಳಿದು, ಚೆಕ್ ಎಂದಿತು. ರಾಜ ಸರಿಯಲೇಬೇಕು. ಅವನು ಸರಿದರೆ ಅವನ ಹಿಂದೆ ಅದೇ ಸಾಲಿನಲ್ಲಿ ಕಾಯುವವರಿಲ್ಲದೆ ನಿಂತಿದ್ದ ಕಾಲಾಳು. ಆನೆ ಇಡೀ ಸಾಲನ್ನು ದಾಟಿ ಹೋಗಿ ಅವನನ್ನು ಹೊಡೆಯಿತು. ಜೋಡಿ ಮುರಿಯಿತು.

ಮಣೆಯ ಮೇಲೆ ಆಗ ಉಳಿದದ್ದು ಏಳು ಕಾಯಿ. 55ನೇ ನಡೆ. ಆ ಏಳೇ ಕಾಯಿಗಳಲ್ಲಿ ಇನ್ನೂ ಹದಿಮೂರು ನಡೆ ಫಿಶರ್ ಹುಡುಕಿದ. ಬಿಳಿಯ ಒಂಟಿ ಕಾಲಾಳು ನಾಲ್ಕಕ್ಕೆ, ಐದಕ್ಕೆ, ಆರಕ್ಕೆ ಏರಿ ಕರಿಯ ರಾಜನನ್ನು ತನ್ನ ಕಡೆಗೆ ಎಳೆದುಕೊಂಡಿತು. ಅವನು ಅದರ ಮುಂದೆ ಕಾವಲಿಗೆ ನಿಂತ, ನಿಂತಲ್ಲೇ ಸೆರೆಯಾದ. ಮತ್ತೆ ಈ ಬರಹದ ಮೊದಲಿಗೆ ಕಂಡ ಅದೇ ಚಿತ್ರ ಮಣೆಯ ಮೇಲೆ ಮೂಡಿತು.

ಕೈ ಕುಲುಕಿದಾಗ ಫಿಶರ್‌ನ ಮುಖ ಬಿಳಿಚಿಕೊಂಡಿತ್ತು, ಕಣ್ಣಲ್ಲಿ ನೀರಿತ್ತು, ಹಾಗೆಯೇ ಎದ್ದು ಹೊರಟ ಎಂದು ಬೋಟ್ವಿನಿಕ್ ಬರೆದುಕೊಂಡಿದ್ದಾರೆ. ಗೆದ್ದವರಿಲ್ಲದ ಆಟಕ್ಕೆ ಕಣ್ಣೀರು ಬಂದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅರ್ಧ ಅಂಕ ಗಳಿಸಿದವನ ಕಣ್ಣೀರಲ್ಲ ಅದು. ಕಂಡಿದ್ದ ಸತ್ಯವೊಂದು ಕೈಯಿಂದ ಜಾರಿದವನ ಕಣ್ಣೀರು.

*

ಅಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ಫಿಶರ್ ತನ್ನ 60 ಆಟಗಳ ಪುಸ್ತಕ ತಂದ. ಗೆಲುವುಗಳ ಜೊತೆ ಸೋಲು, ಡ್ರಾಗಳನ್ನೂ ಮುಚ್ಚಿಡದೆ ಸೇರಿಸಿದ. 39ನೆಯದು ಈ ಆಟ. ಏಳು ವರ್ಷ ಕಳೆದರೂ ಅವನು ಆ 51ನೇ ನಡೆಯನ್ನು ಬಿಟ್ಟಿರಲಿಲ್ಲ. ಕಾಲಾಳನ್ನು ತಳ್ಳುವ ಬದಲು ರಾಜನನ್ನು ಎಡಕ್ಕೆ, ಆ ಜೋಡಿಯ ಕಡೆಗೆ ನಡೆಸಿದ್ದರೆ ಗೆಲುವು ತನ್ನದೇ ಎಂದು ನಡೆನಡೆಯಾಗಿ ಬರೆದ. ಬೋಟ್ವಿನಿಕ್ ಒಪ್ಪಲಿಲ್ಲ. ಹಾಗೆ ಆಡಿದ್ದರೂ ಬಿಳಿಯರು ಪಾರಾಗುತ್ತಿದ್ದರೆಂದು ತಮ್ಮ ಉತ್ತರ ಬರೆದರು. ಒಂದೇ ಒಂದು ಸಲ ಎದುರುಬದುರು ಕೂತ ಇಬ್ಬರು ಕಾಗದದ ಮೇಲೆ ಆ ಆಟವನ್ನು ವರ್ಷಗಟ್ಟಲೆ ಮುಂದುವರಿಸಿದರು. 1970ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇಬ್ಬರ ನಡುವೆ ಪಂದ್ಯ ನಡೆಸುವ ಮಾತುಕತೆ ನಡೆದು ಮುರಿದುಬಿತ್ತು. ಅದೇ ವರ್ಷ ಬೋಟ್ವಿನಿಕ್ ಸ್ಪರ್ಧಾತ್ಮಕ ಆಟದಿಂದ ನಿವೃತ್ತರಾದರು. ಎರಡು ವರ್ಷಕ್ಕೆ ಫಿಶರ್ ರೇಕ್ಯಾವಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಇಬ್ಬರೂ ಮತ್ತೆಂದೂ ಒಂದೇ ಮಣೆಗೆ ಬರಲಿಲ್ಲ.

ಬೋಟ್ವಿನಿಕ್ ತಮ್ಮ ಚೆಸ್ ಶಾಲೆಯ ಮಕ್ಕಳ ಮುಂದೆ ಈ ಸ್ಥಿತಿಯನ್ನೇ ಇಟ್ಟರು. ಫಿಶರ್ ಗೆಲುವೆಂದು ಬರೆದ ಸಾಲಿಗೆ ಉತ್ತರ ಹುಡುಕುವುದು ಮನೆಪಾಠ. ಬಿಳಿಯರು ಉಳಿಯುವ ದಾರಿಯನ್ನು ತೋರಿಸಿದವನು ಇನ್ನೂ ಮೀಸೆ ಮೂಡದ ಒಬ್ಬ ಹುಡುಗ. ಹೆಸರು ಗ್ಯಾರಿ ಕಾಸ್ಪರೋವ್. 1985ರಲ್ಲಿ ಅವನೂ ವಿಶ್ವ ಚಾಂಪಿಯನ್ ಆದ. ಒಂದು ಡ್ರಾ ಆಟದ ಮೇಲೆ ಮೂರು ತಲೆಮಾರಿನ ಮೂವರು ಚಾಂಪಿಯನ್ನರು ತಲೆ ಬಗ್ಗಿಸಿ ಕೂತ ಹಾಗಾಯಿತು.

ಗೆಲುವಿಗೆ ಒಬ್ಬ ಒಡೆಯ ಇರುತ್ತಾನೆ. ಆಟ ಅವನ ಹೆಸರಿಗೆ ಬರೆದುಹೋಗುತ್ತದೆ, ಉಳಿದವರು ಚಪ್ಪಾಳೆ ತಟ್ಟಿ ಏಳುತ್ತಾರೆ. ಪ್ರಾಣ ಒತ್ತೆಯಿಟ್ಟು ಆಡಿ ಸರಿಸಮವಾದ ಆಟಕ್ಕೆ ಒಡೆಯರಿಲ್ಲ. ಅದು ಊರ ಕೆರೆಯಂತೆ, ಬಂದವರೆಲ್ಲ ಇಳಿಯಬಹುದು. ಗೆಲ್ಲರ್ ಒಂದು ರಾತ್ರಿ ಇಳಿದರು. ಫಿಶರ್ ಏಳು ವರ್ಷ ಮುಳುಗಿದ್ದ. ಆ ಹುಡುಗ ತಳ ಮುಟ್ಟಿ ಬಂದ. ಯಾವ ಊರಿನ ಯಾವ ಲೆಕ್ಕಕ್ಕೂ ಸಿಗದ ನನ್ನಂಥವನಿಗೂ ಮೆಟ್ಟಿಲ ಮೇಲೆ ಜಾಗವಿದೆ.

ಗಡಿಯಾರ ಎರಡು ಹೊಡೆದಿದೆ. ಮಣೆ ಮತ್ತೆ ಆ ಏಳು ಕಾಯಿಗೆ ಬಂದು ನಿಂತಿದೆ. ಡಬ್ಬಿಯ ಮುಚ್ಚಳ ತೆಗೆದು, ಹೊಡೆದ ಇಪ್ಪತ್ತೈದು ಕಾಯಿಗಳನ್ನಷ್ಟೇ ಒಳಗೆ ಹಾಕುತ್ತೇನೆ. ಕರಿಯ ಆನೆಯ ಎರಡು ಕೈಗಳಲ್ಲಿ ಎರಡು ಮಕ್ಕಳು ಹಾಗೇ ಇದ್ದಾರೆ. ಮಾವ ಇಲ್ಲದೆ ಎಷ್ಟೋ ವರ್ಷಗಳಾದವು. ಆದರೂ ಉಳಿದ ಏಳನ್ನು ಮುಟ್ಟಲು ಕೈ ಬರುವುದಿಲ್ಲ.

ಹಾಗೇ ಇರಲಿ. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಬಂದು, ನಿಂತಲ್ಲೇ ಬಗ್ಗಿ, ಇನ್ನೊಮ್ಮೆ ನೋಡಬೇಕು.